ಒಂದೇ ಮೂಳೆಯ ಮೀನು

"ಎಲ್ಲೇ ನಿನ್ನ ಮೀನು?" ಲಂಬೂ ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿ ಕೇಳಿದ. "ಸ್ಕೂಲ್ ವ್ಯಾನಿಗಿಂತ ಉದ್ದ ಅಂದಿದ್ದೆ. ಇಲ್ಲಿ ನೋಡಿದ್ರೆ ಒಂದು ಮೂಳೆ ಬಿದ್ಕೊಂಡಿದೆ ಅಷ್ಟೆ!"

ಮಲ್ಲಿಯ ಮುಖ ಸಪ್ಪಗಾಯಿತು. ಅವಳ ಹೆಸರು ಬೇರೆಯೇ ಇತ್ತು. ಮಾತಿನಮಲ್ಲಿ ಎಂದು ಕರೆದೂ ಕರೆದೂ ಕ್ಲಾಸಿನಲ್ಲಿ ಅದೇ ಉಳಿದುಬಿಟ್ಟಿತ್ತು. ಅವಳ ಚಿಕ್ಕಮ್ಮ ಈ ಮ್ಯೂಸಿಯಮ್ಮಿನಲ್ಲೇ ಕಲ್ಲಿನೊಳಗಿನ ಹಳೆಯ ಮೂಳೆಗಳನ್ನು ಬಿಡಿಸುವ ಕೆಲಸ ಮಾಡುತ್ತಿದ್ದಳು. ಡೈನೋಸಾರ್ ಕಾಲದ ದೈತ್ಯ ಮೀನಿನ ಸುದ್ದಿಯನ್ನು ಚಿಕ್ಕಮ್ಮನ ಬಾಯಿಂದ ಕೇಳಿ ಮಲ್ಲಿ ಕ್ಲಾಸಿಗೆಲ್ಲ ಡಂಗುರ ಸಾರಿದ್ದಳು. ಇವತ್ತು ಟೀಚರ್ ಎಲ್ಲರನ್ನೂ ಕರೆತಂದಿದ್ದರು. ಮೀನು ಇಡಿಯಾಗಿ ಇರುತ್ತದೆಂದು ಮಲ್ಲಿಯೂ ನಂಬಿದ್ದಳು.

"ಮೂಳೆ ಅಂದ್ರೆ ಇದು. ಬುರುಡೆ ಅಂದ್ರೆ ನೀನು ಬಿಟ್ಟಿದ್ದು!" ಎಂದ ಲಂಬೂ. ಎಲ್ಲರೂ ಗೊಳ್ಳೆಂದು ನಕ್ಕರು.

"ಉಳಿದದ್ದೆಲ್ಲ ಒಳಗಿನ ರೂಮಲ್ಲಿದೆ," ಮಲ್ಲಿಯ ಬಾಯಿಂದ ಜಾರಿತು. "ಬೀಗ ಹಾಕಿಟ್ಟಿದಾರೆ. ನಾನೇ ನೋಡಿದೀನಿ."

ಅಷ್ಟರಲ್ಲಿ ಚಿಕ್ಕಮ್ಮನೇ ಬಂದಳು. ಏಪ್ರನ್ ತುಂಬ ಕಲ್ಲಿನ ಪುಡಿ. ಲಂಬೂ ಎದುರಿಗೇ ಓಡಿದ. "ಆಂಟಿ, ಒಳಗಿರೋ ಮೀನನ್ನ ನಮಗೂ ತೋರಿಸಿ!"

"ಯಾವ ಮೀನಪ್ಪಾ?"

ಚಿಕ್ಕಮ್ಮ ಅವಳತ್ತ ನೋಡಿದಳು.

"ಒಳಗೆ ಏನೂ ಇಲ್ಲ," ಮಲ್ಲಿ ನೆಲ ನೋಡುತ್ತ ಅಂದಳು. "ಈಗ ಸುಳ್ಳು ಹೇಳ್ದೆ. ಆದ್ರೆ ಅಷ್ಟುದ್ದ ಇತ್ತು ಅಂದಿದ್ದು ಸುಳ್ಳಲ್ಲ... ಅಲ್ವಾ ಚಿಕ್ಕಮ್ಮ?"

"ಸುಳ್ಳಲ್ಲ. ಆದ್ರೆ ಕಣ್ಣಾರೆ ಕಂಡವರು ಯಾರೂ ಇಲ್ಲ ಕಣೇ," ಅಂದಳು ಚಿಕ್ಕಮ್ಮ. "ಇದು ತಲೆಯ ಮೂಳೆ. ದವಡೆಗೆ ಆಧಾರ ಕೊಡೋದು. ಈ ಮೀನಿನ ನೆಂಟರು, ಸ್ಟರ್ಜನ್ ಅಂತ, ಇವತ್ತಿಗೂ ನದಿಗಳಲ್ಲಿವೆ. ಅವುಗಳಲ್ಲಿ ಇದೇ ಮೂಳೆ ಪುಟಾಣಿ. ಇಲ್ಲಿ ನೋಡಿ, ಮೊಳದುದ್ದ! ಹಾಗಾದ್ರೆ ಮೀನು ಎಷ್ಟುದ್ದ? ಹೋಲಿಸಿ ನೋಡಿ ಊಹೆ ಮಾಡ್ತೀವಿ, ಅಷ್ಟೆ. ಬನ್ನಿ, ನೀವೇ ಮೀನಾಗಿ!"

ಚಿಕ್ಕಮ್ಮ ಸಾಕು ಅನ್ನುವ ತನಕ ಮಕ್ಕಳು ಒಬ್ಬೊಬ್ಬರಾಗಿ ಕೈ ಚಾಚಿ, ಬೆರಳಿಗೆ ಬೆರಳು ತಾಗಿಸಿ ನಿಂತರು. ಮೂಳೆಯ ಪಕ್ಕ ತಲೆಯಾಗಿ ಮಲ್ಲಿ. ಸಾಲು ಕಿಟಕಿ ದಾಟಿ ಬಾಗಿಲ ತನಕ ಹೋಯಿತು. ಬಾಲದ ತುದಿಗೆ ಲಂಬೂ.

"ನಿಜವಾಗ್ಲೂ ಇಷ್ಟುದ್ದ ಇತ್ತೇನೇ?" ಅವನು ಅಲ್ಲಿಂದಲೇ ಕೂಗಿದ.

ಇದಕ್ಕಿಂತ ಉದ್ದ ಇತ್ತು ಎಂಬ ಮಾತು ಮಲ್ಲಿಯ ನಾಲಿಗೆಯ ತುದಿಗೆ ಬಂತು. ಅವಳು ಗಾಜಿನೊಳಗಿನ ಮೂಳೆಯನ್ನು ಒಂದು ಕ್ಷಣ ನೋಡಿದಳು.

"ಇದ್ದಿರಬಹುದು," ಅಂದಳು.

ಯಾರೂ ನಗಲಿಲ್ಲ. ಲಂಬೂ ತನ್ನ ಕೈಯನ್ನು ಇನ್ನೂ ಒಂಚೂರು ಚಾಚಿದ.