ದೇವರ ಚೊಂಬು

“ಆ ಕೈಯಿಂದ ತಿನ್ನಬೇಡ ಗುಬ್ಬಿ. ಇತ್ತ ಬಾ.”

ಅತ್ತೆಯ ಮಾತಿಗೆ ಮಗು ತೆರೆದಿದ್ದ ಬಾಯಿ ಮುಚ್ಚಿಕೊಂಡಿತು. ಜ್ವರದಿಂದ ಎದ್ದ ಮಗಳಿಗೆ ಒಂದು ತುತ್ತಾದರೂ ಸೇರಲಿ ಎಂದು ಕೂತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಗುಬ್ಬಿ ಎದ್ದು ಅಜ್ಜಿಯ ಮಗ್ಗುಲಿಗೆ ಹೋಗಿ ಕೂತಳು. ತಾಯಿಯತ್ತ ತಿರುಗಿಯೂ ನೋಡಲಿಲ್ಲ. ಸೊಸೆ ಆ ತುತ್ತನ್ನು ತಟ್ಟೆಗೆ ಹಾಕಿ ಕೈ ತೊಳೆದುಕೊಂಡಳು. ಅಳು ಬರಲಿಲ್ಲ. ಅದೂ ಬೇಸತ್ತು ಹೋಗಿತ್ತೇನೋ...

ಬಾಯಿ ಜೋರಿನ ಅತ್ತೆಯಂದಿರು ಯಾವ ಬೀದಿಯಲ್ಲಿಲ್ಲ? ಅವರೊಂದಿಗೆ ಹೇಗೋ ಏಗಬಹುದು. ಆದರೆ ದೇವರ ಪರವಾಗಿ ವಕಾಲತ್ತು ವಹಿಸಿದ ಅತ್ತೆ ಗಂಟುಬಿದ್ದರೆ ಸೊಸೆ ಮೇಲ್ಮನವಿಗೆ ಎಲ್ಲಿಗೆ ಹೋಗಬೇಕು? ಈ ಮುದುಕಿಯ ಪ್ರಕಾರ ದೇವರು ಅನ್ಯಾಯ ಮಾಡುವವನೇ ಅಲ್ಲ. ಬಂಗಾರದಂಥ ಮಗ ಬೆಂಕಿಗೆ ಸಿಕ್ಕಿ ಸತ್ತನೆಂದರೆ ಈ ಮನೆಯಲ್ಲಿ ಯಾರೋ ಪಾಪ ಮಾಡಿರಲೇಬೇಕು. ಯಾರು? ತಾನಂತೂ ಹೊತ್ತುಹೊತ್ತಿಗೆ ಪ್ರಾರ್ಥನೆ ತಪ್ಪಿಸಿದವಳಲ್ಲ. ಮಗು ಏನೂ ಅರಿಯದ್ದು. ಉಳಿದವಳು ಒಬ್ಬಳೇ.

ಅದು ಮೇಣದಬತ್ತಿ ಮಾಡುವ ಮನೆ. ಮುಂದಿನ ಕೋಣೆಯಲ್ಲಿ ಮೇಣ ಕರಗಿಸುವ ಕೊಪ್ಪರಿಗೆ, ಅದರ ಪಕ್ಕ ನೂಲಿನ ಬತ್ತಿಗಳನ್ನು ಇಳಿಬಿಟ್ಟ ಚೌಕಟ್ಟುಗಳು, ಗೋಡೆಗೆ ನೇತುಹಾಕಿದ ಒಂದು ದೊಡ್ಡ ಕಬ್ಬಿಣದ ಮುಚ್ಚಳ. ಮೇಣಕ್ಕೆ ಬೆಂಕಿ ಹತ್ತಿದರೆ ಮುಚ್ಚಳ ಹಾಕಿ ಉಸಿರು ಕಟ್ಟಿಸಬೇಕು; ನೀರು ಸೋಕಿದರೆ ಉರಿಯುವ ಮೇಣ ಸಿಡಿದು ಸೂರಿಗೆ ಹಾರುತ್ತದೆ. ಆ ಮನೆಯಲ್ಲಿ ಹುಟ್ಟಿದವರು ನಡೆಯಲು ಕಲಿಯುವ ಹೊತ್ತಿಗೆ ಕಲಿಯುತ್ತಿದ್ದ ಪಾಠ ಅದು. ಮಕ್ಕಳಿಗೆಲ್ಲ ಅದನ್ನು ಕಲಿಸಿದವಳು ಇದೇ ಮುದುಕಿ.

ಅವತ್ತು ಕೊಪ್ಪರಿಗೆ ಹೊತ್ತಿಕೊಂಡಾಗ ಸೊಸೆ ಹಿತ್ತಲಿನಲ್ಲಿ ನೂಲು ಒಣಹಾಕುತ್ತಿದ್ದಳು. ಕೂಗು ಕೇಳಿ ಓಡಿಬಂದಾಗ ಗಂಡ ಮುಚ್ಚಳ ಹಿಡಿದು ಕೊಪ್ಪರಿಗೆಯ ಹತ್ತಿರಕ್ಕೆ ಬಂದಿದ್ದ. ಇನ್ನೊಂದು ಹೆಜ್ಜೆ ಸಾಕಿತ್ತು. ಅಷ್ಟರಲ್ಲಿ ಅತ್ತೆ, “ಗುಬ್ಬಿ, ದೇವರ ಚೊಂಬು ತಾರೇ” ಎಂದು ಕಿರುಚಿದಳು. ಪ್ರಾರ್ಥನಾ ಮಂದಿರದಿಂದ ತಂದು ದೇವರ ಗೂಡಿನಲ್ಲಿಟ್ಟಿದ್ದ ನೀರು ಅದು. ಮುದುಕಿಯ ಮಟ್ಟಿಗೆ ಅದು ನೀರೇ ಅಲ್ಲ, ದೇವರು. ಮಗು ತಂದುಕೊಟ್ಟಿತು. ಅಜ್ಜಿ ಮಗುವನ್ನು ಬಾಗಿಲಾಚೆ ನೂಕಿ, ಕಣ್ಣು ಮುಚ್ಚಿ, ಚೊಂಬನ್ನು ಉರಿಯ ಮೇಲೆ ಸುರಿದಳು. ಸಿಡಿದ ಉರಿ ಕೊಪ್ಪರಿಗೆಯ ಆಚೆ ಬದಿಗಿದ್ದ ಮಗನ ಮೇಲೇ ಹಾರಿತು.

ಗಂಡ ಆಸ್ಪತ್ರೆಯಲ್ಲಿ ಕೆಲವು ದಿನ ಉಸಿರಾಡಿಕೊಂಡಿದ್ದ. ಬಟ್ಟೆ ಸುತ್ತಿದ ಮುಖದೊಳಗಿಂದ ಅವನು ಆಡಿದ ಕೊನೆಯ ಮಾತು ಇಷ್ಟೇ: “ಚೊಂಬು ತಂದುಕೊಟ್ಟಿದ್ದು ಗುಬ್ಬಿ... ನೀರಿಂದ ಹಿಂಗಾಯ್ತು ಅಂತ ಅವಳಿಗೆ ಯಾವತ್ತೂ ಗೊತ್ತಾಗಬಾರದು.”

ಅಂದಿನಿಂದ ಸೊಸೆ ಬಾಯಿ ಹೊಲಿದುಕೊಂಡಳು. ಕೈಮುಗಿಯುವುದನ್ನೂ ಬಿಟ್ಟಳು. ಅತ್ತೆಗೆ ಅಷ್ಟು ಸಾಕಾಯಿತು. “ನಿಮ್ಮಮ್ಮನಿಗೆ ದೇವರು ಬೇಡ, ಅದಕ್ಕೇ ಅವನು ನಿಮ್ಮಪ್ಪನ್ನ ಕರ್ಕೊಂಡ” ಎಂದು ಮಗುವಿನ ಕಿವಿಯಲ್ಲಿ ದಿನವೂ ಊದಿದಳು. ಮೊದಲು ಯಾವುದು, ಆಮೇಲೆ ಯಾವುದು ಎಂದು ಕೇಳುವ ವಯಸ್ಸು ಗುಬ್ಬಿಯದಲ್ಲ.

ಆ ಬೆಳಿಗ್ಗೆ, ತುತ್ತಿನ ಪ್ರಸಂಗ ಮುಗಿದ ಸ್ವಲ್ಪ ಹೊತ್ತಿಗೆ ಭಾವ ಬಂದ. ಗಂಡನ ಅಣ್ಣ, ಪೇಟೆಯಲ್ಲಿ ಮೇಣದಬತ್ತಿ ಮಾರುವ ಅಂಗಡಿ ಅವನದು. ಬೆಂಕಿಯ ದಿನದಿಂದ ಮುಚ್ಚಿದ್ದ ಮುಂದಿನ ಕೋಣೆಗೆ ಸುಣ್ಣ ಹೊಡೆಸಿ ಮತ್ತೆ ಕೆಲಸ ಶುರು ಮಾಡಿಸಬೇಕೆಂದು ಬೀಗ ತೆಗೆದವನು, ತಲೆ ಎತ್ತಿ ನೋಡಿ ಹಾಗೇ ನಿಂತುಬಿಟ್ಟ. ಸೂರಿನ ತೊಲೆಗಳ ತುಂಬ ಸಿಡಿದು ಅಂಟಿದ ಕಪ್ಪು ಮೇಣ.

“ಅಮ್ಮಾ, ಇಲ್ಲಿ ಬಾ. ಅವತ್ತು ಇದಕ್ಕೆ ನೀರು ಹಾಕಿದ್ಯಾರು?”

ಅತ್ತೆ ಬಾಗಿಲಿಗೆ ಬಂದಳು. ಹಿಂದೆ ಸೊಸೆ, ಅತ್ತೆಯ ಸೆರಗು ಹಿಡಿದ ಗುಬ್ಬಿ.

“ನೀರಾ? ಯಾವ ನೀರು?” ಅತ್ತೆ ತಲೆ ಎತ್ತಲಿಲ್ಲ.

“ಸುಮ್ನೆ ಹೊತ್ತಿಕೊಂಡ್ರೆ ಮೇಣ ಸೂರಿಗೆ ಹಾರಲ್ಲ. ನೀನೇ ಅಲ್ವಾ ನಮಗೆ ಹೇಳಿಕೊಟ್ಟಿದ್ದು? ಅವನು ಬೆಂಕಿಯಿಂದ ಸಾಯಲಿಲ್ಲಮ್ಮ. ನೀರು ಹಾಕಿದವರು ಕೊಂದ್ರು.”

ಮುದುಕಿ ತೊಲೆಯನ್ನು ನೋಡಿದಳು. ಇಷ್ಟು ದಿನ ಆ ಕೋಣೆಯ ಬೀಗ ತೆಗೆಯಲು ಅವಳು ಬಿಟ್ಟಿರಲಿಲ್ಲ. ಯಾಕೆಂದು ತನ್ನನ್ನು ತಾನೇ ಕೇಳಿಕೊಂಡವಳೂ ಅಲ್ಲ. ಈಗ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸೆರಗಿನ ಹಿಂದಿನಿಂದ ಗುಬ್ಬಿಯ ಸಣ್ಣ ದನಿ ಕೇಳಿಸಿತು.

“ದೊಡ್ಡಪ್ಪ... ಅವತ್ತು ನಾನು ಚೊಂಬು...”

“ನಾನೇ ಹಾಕಿದ್ದು.” ಸೊಸೆ ಮುಂದೆ ಬಂದು ನಿಂತಳು. “ನಲ್ಲಿಯಿಂದ ಬಕೆಟ್ ತುಂಬ್ಕೊಂಡು ಬಂದು ಸುರಿದೆ. ಅತ್ತೆ ಚೊಂಬು ತರಿಸಿದ್ದು ಆಮೇಲೆ, ಪ್ರಾರ್ಥನೆಗೆ. ಅಷ್ಟರಲ್ಲಿ ಎಲ್ಲಾ ಮುಗಿದುಹೋಗಿತ್ತು.”

“ಗೊತ್ತಿದ್ದೂನಾ?”

“ಗೊತ್ತಿತ್ತು ಭಾವ. ಆ ಹೊತ್ತಿಗೆ ತೋಚಲಿಲ್ಲ.”

ಭಾವ ಕೆಟ್ಟವನಲ್ಲ. ಅವನು ಗೋಡೆಗೆ ಒರಗಿ ಮುಖ ಮುಚ್ಚಿಕೊಂಡು ಅತ್ತ. ಅತ್ತು ಮುಗಿದ ಮೇಲೆ, “ನಿನ್ನ ಮುಖ ನೋಡ್ಕೊಂಡು ಈ ಕೆಲಸ ಮಾಡ್ಸೋಕೆ ನನ್ನಿಂದಾಗಲ್ಲ. ನಿಮ್ಮ ಅಕ್ಕನ ಮನೆಗೆ ಹೋಗು” ಎಂದ. ಸೊಸೆ ಮಗಳತ್ತ ಕೈ ಚಾಚಿದಳು. ಗುಬ್ಬಿ ಹಿಂದಕ್ಕೆ ಸರಿದಳು.

“ನಾನು ಬರಲ್ಲ. ನೀನು ಅಪ್ಪನ್ನ ಸಾಯಿಸಿಬಿಟ್ಟೆ.”

ಈ ಮಾತನ್ನು ಕೇಳಲೆಂದೇ ಆ ತಾಯಿ ಸುಳ್ಳು ಹೇಳಿದ್ದಳು. ಆದರೂ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಬಟ್ಟೆಯ ಗಂಟು ಹಿಡಿದು ಬೀದಿ ತಿರುವಿಗೆ ಬರುವಾಗ ಹಿಂದಿನಿಂದ ಅತ್ತೆ ಏದುಸಿರು ಬಿಡುತ್ತ ಬಂದು ತೋಳು ಹಿಡಿದಳು. ಚಪ್ಪಲಿಯೂ ಇರಲಿಲ್ಲ.

“ನಾನು ಹೋಗಿ ನಿಜ ಹೇಳಿಬಿಡ್ತೀನಿ ಕಣೇ. ಸುರಿದಿದ್ದು ನಾನು.”

“ತಂದುಕೊಟ್ಟಿದ್ದು ಯಾರು ಅಂತ ಆಮೇಲೆ ಕೇಳ್ತಾರೆ ಅತ್ತೆ.”

ಅತ್ತೆ ತೋಳು ಬಿಟ್ಟಳು. “ಅದು ದೇವರದೇ ನೀರು... ಅವನ ಹೆಸರು ಹೇಳೇ ಸುರಿದೆ. ನೋಡ್ಕೊಂಡು ಸುಮ್ನೆ ಕೂತಿದ್ನಾ?” ಎಂದಳು.

“ನಾನೂ ಅದನ್ನೇ ಕೇಳಿದೆ. ಉತ್ತರ ಬರಲಿಲ್ಲ, ಕೇಳೋದು ಬಿಟ್ಟೆ.” ಸೊಸೆ ಸೆರಗಿನಿಂದ ಮುದುಕಿಯ ಕಣ್ಣೊರೆಸಿದಳು. “ಅವಳಿಗೆ ರಾತ್ರಿ ಮತ್ತೆ ಜ್ವರ ಬರಬಹುದು. ಬಿಸಿ ಗಂಜಿ ಕೊಡಿ. ನೀರು ಹಾಕಿದ್ದು ನಾನೇನಾ ಅಂತ ಕೇಳಿದ್ರೆ ಹೌದು ಅನ್ನಿ, ಅಷ್ಟು ಸಾಕು.”

ಸಂಜೆ ಗೂಡಿನ ಮುಂದೆ ಬತ್ತಿ ಹಚ್ಚುವ ಹೊತ್ತಾಯಿತು. ಅಜ್ಜಿ ಕಡ್ಡಿ ಗೀರಿದಳು, ಅದು ಕೈಯಲ್ಲೇ ಉರಿದು ಆರಿತು. ಗುಬ್ಬಿ ಗಂಜಿಯ ಬಟ್ಟಲು ಕೆಳಗಿಟ್ಟು ಕೇಳಿದಳು.

“ಅಜ್ಜೀ, ನೀರು ಹಾಕಿದ್ದು ಅಮ್ಮನೇನಾ?”

“ಹೂಂ. ಅವಳೇ.”

“ನೀನು ನೋಡಿದ್ಯಾ?”

“ನೋಡಿದೆ.”

ದೇವರೆದುರು ಮುದುಕಿ ಆಡಿದ ಮೊದಲ ಸುಳ್ಳು ಅದು. ಕಡ್ಡಿಪೆಟ್ಟಿಗೆಯನ್ನು ಮೊಮ್ಮಗಳ ಕೈಗಿಟ್ಟು, “ಇನ್ಮೇಲೆ ನೀನೇ ಹಚ್ಚು ಮಗಾ” ಎಂದಳು. ಮಗು ಬತ್ತಿ ಹಚ್ಚಿ ಕಣ್ಣು ಮುಚ್ಚಿ ಕೈಮುಗಿಯಿತು. ಅಜ್ಜಿ ಗೂಡಿಗೆ ಬೆನ್ನು ಮಾಡಿ ಕೂತು, ತಣ್ಣಗಾಗುತ್ತಿದ್ದ ಗಂಜಿಯನ್ನು ಕಲಕುತ್ತಿದ್ದಳು.