ಕಾರು ಇಲ್ಲ ಎಂದವಳು

“ಕಾರು ಇಲ್ಲ ಅಂದ್ರೆ ಏನ್ರೀ ಅರ್ಥ? ಹೊರಗಡೆ ಸಾಲಾಗಿ ನಿಂತಿರೋದು ಏನು, ಎಮ್ಮೆಗಳಾ?”

ಅವನ ದನಿಗೆ ರೈಲ್ವೆ ಸ್ಟೇಷನ್ನಿನ ಹೊರಬಾಗಿಲಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬಾಡಿಗೆ ಕಾರಿನ ಕೌಂಟರಿನ ಹಿಂದೆ ನಿಂತಿದ್ದ ಚುಕ್ಕಿ ತಲೆ ಎತ್ತಲಿಲ್ಲ. ಗಲ್ಲದ ಮೇಲೊಂದು ಮಚ್ಚೆ ಇದ್ದುದರಿಂದ ಚಿಕ್ಕಂದಿನಿಂದಲೂ ಅವಳಿಗೆ ಅದೇ ಹೆಸರು. ಈ ಕೌಂಟರಿನಲ್ಲಿ ಏಳು ವರ್ಷ ಕಳೆದವಳಿಗೆ ಜಗಳಗಂಟರು ಹೊಸಬರಲ್ಲ. ಆದರೆ ಇವತ್ತು ಸುಳ್ಳು ಹೇಳುತ್ತಿರುವವಳು ತಾನು...

“ಅವೆಲ್ಲ ಬೇರೆಯವರಿಗೆ ಬುಕ್ ಆಗಿವೆ ಸಾರ್.”

“ನಾವೂ ಬುಕ್ ಮಾಡ್ಕೊಂಡೇ ಬಂದಿರೋದು! ತಿಂಗಳ ಹಿಂದೆ!”

“ನಮ್ಮದೇ ತಪ್ಪು ಸಾರ್. ಕ್ಷಮಿಸಿ. ರೆಸಾರ್ಟಿನ ವ್ಯಾನ್ ಹೊರಗೇ ನಿಂತಿದೆ. ಅದರಲ್ಲಿ...”

“ವ್ಯಾನು! ಬೆಳಿಗ್ಗೆ ಎಂಟಕ್ಕೊಂದು, ಸಂಜೆ ನಾಲ್ಕಕ್ಕೊಂದು. ಅದು ಕರೆದಾಗ ಹತ್ಬೇಕು, ಬಿಟ್ಟ ಕಡೆ ಇಳೀಬೇಕು. ಬಸುರಿ ತಂಗಿನ ಕರ್ಕೊಂಡು ಬಂದಿದೀನಿ ಕಣ್ರೀ. ಹೊತ್ತಲ್ಲದ ಹೊತ್ತಲ್ಲಿ ಏನಾದ್ರೂ ಆದ್ರೆ ನೀವು ಬರ್ತೀರಾ?”

ಅವನ ಹಿಂದೆ ಸೂಟ್‌ಕೇಸಿನ ಮೇಲೆ ಏಳು ತಿಂಗಳ ಬಸುರಿ ತಂಗಿ ಕೂತಿದ್ದಳು. ಪಕ್ಕದಲ್ಲಿ ತಾಯಿ. ಅವರಿಂದ ಎರಡು ಹೆಜ್ಜೆ ದೂರದಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ತಂದೆ.

ಆ ತಂದೆಯ ಮುಖವನ್ನು ನೋಡುವ ಧೈರ್ಯ ಚುಕ್ಕಿಗೆ ಇರಲಿಲ್ಲ.

ಹತ್ತು ನಿಮಿಷದ ಹಿಂದೆ ನಡೆದದ್ದು ಇಷ್ಟು.

ಕಾರು ಓಡಿಸುವವರು ತಂದೆಯೇ. ಮಗನಿಗೆ ಡ್ರೈವಿಂಗ್ ಬಾರದು. ಅರವತ್ತು ದಾಟಿದವರಿಗೆ ಕಾರು ಕೊಡುವ ಮುಂಚೆ ಇಪ್ಪತ್ತು ಹೆಜ್ಜೆ ದೂರದಿಂದ ನಂಬರ್ ಪ್ಲೇಟ್ ಓದಿಸಬೇಕೆಂಬುದು ಅವಳ ಆಫೀಸಿನ ನಿಯಮ. ಮಗ ಸಾಮಾನು ಇಳಿಸುತ್ತಿದ್ದಾಗ ಅವಳು ಹಿರಿಯರನ್ನು ಅಂಗಳಕ್ಕೆ ಕರೆದೊಯ್ದಳು.

“ಆ ಕಾರಿನ ನಂಬರ್ ಓದ್ತೀರಾ ಅಂಕಲ್?”

“ಅಯ್ಯೋ, ಅದೇನು ಬ್ರಹ್ಮವಿದ್ಯೆನಾ? ನಾಲ್ಕು, ಏಳು, ಎರಡು, ಒಂಬತ್ತು!”

ಚುಕ್ಕಿ ಕೈಯಲ್ಲಿದ್ದ ಫಾರ್ಮು ನೋಡಿದಳು. ಅದು ಫಾರ್ಮಿನಲ್ಲಿದ್ದ ಕಾರಿನ ನಂಬರು. ಅವಳು ಆಗಲೇ ಜೋರಾಗಿ ಓದಿ ಹೇಳಿದ್ದನ್ನು ಅವರು ನೆನಪಿಟ್ಟುಕೊಂಡಿದ್ದರು. ಎದುರಿಗೆ ನಿಂತಿದ್ದದ್ದು ಬೇರೆ ಕಾರು.

ಅವಳು ಕೀಲಿಯನ್ನು ಅವರ ಬಲಗಡೆಯಿಂದ ಚಾಚಿದಳು. ಅವರಿಗೆ ಕೈಯೇ ಕಾಣಲಿಲ್ಲ.

ಈ ಕತ್ತು ತಿರುಗಿಸಿ ಹುಡುಕುವ ರೀತಿ... ಈ ನಗೆ ಚಟಾಕಿಯಲ್ಲಿ ಮುಚ್ಚಿಡುವ ಭಯ... ಇದೆಲ್ಲ ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ!

“ಅಂಕಲ್... ಕಣ್ಣು ಯಾವಾಗಿಂದ ಹೀಗೆ?”

ಹಿರಿಯರ ಮುಖ ಬಾಡಿತು. “ಒಂದು ವರ್ಷ ಆಯ್ತು ತಾಯಿ. ಮನೇಲಿ ಯಾರಿಗೂ ಹೇಳಿಲ್ಲ. ಈ ಬೆಟ್ಟದ ದಾರೀಲಿ ಹದಿನಾರು ವರ್ಷ ಬಸ್ ಓಡಿಸಿದೀನಿ. ಮೊಮ್ಮಗು ಬರೋ ಮೊದಲು ಒಂದೇ ಒಂದು ಸಲ...”

“ಅದೇ ಮೊಮ್ಮಗು ಹಿಂದಿನ ಸೀಟಲ್ಲಿ ಇರುತ್ತಲ್ವಾ ಅಂಕಲ್?”

ಅವರು ಅವಳ ಕೈ ಹಿಡಿದುಕೊಂಡರು. “ಕಾರು ಕೊಡಬೇಡ. ಆದ್ರೆ ನನ್ನ ಮಗನ ಮುಂದೆ ಮಾತ್ರ ಹೇಳಬೇಡಮ್ಮ. ಮನೆಗೆ ಹೋದ ಮೇಲೆ ನಾನೇ ಹೇಳ್ತೀನಿ.”

ಅದಕ್ಕೇ ಅವಳು ‘ಕಾರು ಇಲ್ಲ’ ಎಂದಿದ್ದು.

“ಬಾರೋ, ವ್ಯಾನಲ್ಲೇ ಹೋಗೋಣ,” ಎಂದರು ತಂದೆ ಮೆಲ್ಲಗೆ.

ಮಗರಾಯ ಚೀಟಿಯನ್ನು ಮುದ್ದೆ ಮಾಡಿ ಕೌಂಟರಿನ ಮೇಲೆ ಎಸೆದು ಹೋದ. ಚುಕ್ಕಿ ಮನಸ್ಸಿನಲ್ಲೇ ಅವನಿಗೆ ಆ ಹೆಸರಿಟ್ಟಳು. ಅಷ್ಟರಲ್ಲಿ ಮುಂದಿನ ಸಂಸಾರ ಬಂತು. ಅವರಿಗೆ ಕೀಲಿ ಕೊಟ್ಟು ತಲೆ ಎತ್ತಿದರೆ, ಹೊರಡುತ್ತಿದ್ದ ವ್ಯಾನಿನ ಕಿಟಕಿಯಿಂದ ಅವನು ನೋಡುತ್ತಿದ್ದ.

ಆ ಕಣ್ಣುಗಳಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅಸಹ್ಯವಿತ್ತು.

*

ಮರುದಿನವೇ ಮುಖ್ಯ ಕಚೇರಿಗೆ ದೂರು ಹೋಯಿತು. ‘ನಮ್ಮ ಕಾರನ್ನು ಕಣ್ಣೆದುರೇ ಬೇರೆಯವರಿಗೆ ಕೊಟ್ಟರು.’

“ಯಾಕಮ್ಮಾ ಹಿಂಗ್ ಮಾಡ್ದೆ?” ಮ್ಯಾನೇಜರ್ ಕನ್ನಡಕ ತೆಗೆದಿಟ್ಟು ಕೇಳಿದರು. “ಏಳು ವರ್ಷದಲ್ಲಿ ನಿನ್ನ ಮೇಲೆ ಒಂದು ದೂರೂ ಇಲ್ಲ. ಕಾರಣ ಇದ್ರೆ ಬರೆದುಕೊಡು, ನಾನು ಅವನಿಗೇ ಕಳಿಸ್ತೀನಿ.”

ಅವನಿಗೇ! ಚುಕ್ಕಿ ಪೆನ್ನು ಹಿಡಿದು ಕೂತಳು. ನಿಜ ಬರೆದರೆ ಆ ಹಿರಿಯರ ಮಾನ ಮಗನ ಕೈಯಲ್ಲಿ. ಬರೆಯದಿದ್ದರೆ ತನ್ನ ಅನ್ನ ತೂಗುಯ್ಯಾಲೆಯಲ್ಲಿ.

ಕೊನೆಗೆ ಎರಡೇ ಪದ ಬರೆದಳು. ‘ನನ್ನ ತಪ್ಪು.’

ಮ್ಯಾನೇಜರ್ ನಿಟ್ಟುಸಿರು ಬಿಟ್ಟರು. ವಿಚಾರಣೆ ಮುಗಿಯುವವರೆಗೆ ಅವಳಿಗೆ ಹಿಂದಿನ ಶೆಡ್ಡಿನಲ್ಲಿ ಕಾರು ತೊಳೆಯುವ ಕೆಲಸ ಕೊಟ್ಟರು.

ಸಂಜೆ ನಾಲ್ಕರ ವ್ಯಾನಿನಲ್ಲಿ ಮಗರಾಯ ಬಂದ. ಈಗಲಾದರೂ ಕಾರು ಸಿಗುತ್ತದೆಯೇ ಎಂದು ಕೇಳಲು ಬಂದಿದ್ದ. ಶೆಡ್ಡಿನ ಬಳಿ ಗಮ್‌ಬೂಟು ಹಾಕಿಕೊಂಡು, ಮೊಣಕೈವರೆಗೆ ನೊರೆ ಮಾಡಿಕೊಂಡು ನಿಂತವಳನ್ನು ಕಂಡು ತಬ್ಬಿಬ್ಬಾದ.

“ಇದು... ನಾನು ಕೊಟ್ಟ ದೂರಿಗಾ?”

“ಕಾರು ತೊಳೆಯೋದು ಕೆಟ್ಟ ಕೆಲಸ ಏನಲ್ಲ ಸಾರ್.”

“ನಿಜ ಹೇಳಿಬಿಡ್ರೀ. ನಮ್ಮ ಮೇಲೆ ಏನು ಹಗೆ ನಿಮಗೆ?”

ಎಷ್ಟು ಸುಲಭ, ಬಾಯಿ ಬಿಟ್ಟರೆ ಸಾಕು... ಅವಳು ಪೈಪಿನ ನೀರನ್ನು ಚಕ್ರದತ್ತ ತಿರುಗಿಸಿದಳು. “ದೂರ ನಿಲ್ಲಿ. ಪ್ಯಾಂಟು ನೆನೆಯುತ್ತೆ.”

*

ಮೂರನೆಯ ದಿನ ಮಧ್ಯಾಹ್ನ ರೆಸಾರ್ಟಿನಲ್ಲಿ ತಂಗಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಶುರುವಾಯಿತು. ವ್ಯಾನು ಬರಲು ಇನ್ನೂ ಎರಡು ಗಂಟೆ. ಆಂಬುಲೆನ್ಸಿಗೆ ಫೋನ್ ಮಾಡಿದರೆ ದೂರದ ಊರಿನಿಂದ ಬರಬೇಕು, ತಡವಾಗುತ್ತದೆ ಎಂದರು.

ಕಾವಲುಗಾರ ಓಡಿಬಂದ. “ರೆಸಾರ್ಟಿನ ಹಳೇ ಜೀಪಿದೆ ಸಾರ್. ಓಡಿಸೋರು ಯಾರೂ ಇಲ್ಲ. ಕೀಲಿ ತಗೊಳ್ಳಿ!”

ಮಗ ಕೀಲಿಯನ್ನು ತಂದೆಯ ಕೈಗೆ ತುರುಕಿದ. “ಅಪ್ಪಾ, ಹೊರಡಿ! ಬೇಗ!”

ಒಟ್ಟು ಮೂವತ್ತನಾಲ್ಕು ವರ್ಷ ಬಸ್ ಓಡಿಸಿದ ಕೈ ಅದು. ಕೀಲಿಯನ್ನು ಮಗನತ್ತಲೇ ಹಿಂದಕ್ಕೆ ಚಾಚಿತು.

“ಅಪ್ಪಾ!”

“ನನಗೆ ಕಣ್ಣು ಕಾಣಲ್ಲ ಮಗನೇ...”

ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು.

“ಆ ಹುಡುಗಿ ಕಂಡುಹಿಡಿದುಬಿಟ್ಟಳು. ಯಾರಿಗೂ ಹೇಳಬೇಡ ಅಂತ ನಾನೇ ಕೈ ಮುಗಿದೆ. ಅವಳ ತಪ್ಪೇನಿಲ್ಲ ಕಣೋ. ಅವಳು ಕೊಟ್ಟಿದ್ದಿದ್ರೆ... ಇಷ್ಟು ಹೊತ್ತಿಗೆ ನಾವೆಲ್ಲ ಎಲ್ಲಿರ್ತಿದ್ವೋ!”

ಮಗ, ದೂರಿನಲ್ಲಿ ಬರೆಯಲೆಂದು ಗುರುತು ಹಾಕಿಕೊಂಡಿದ್ದ ಕೌಂಟರಿನ ನಂಬರಿಗೇ ಫೋನ್ ಮಾಡಿದ.

ಕೌಂಟರಿನಲ್ಲಿ ಯಾರೂ ಇರಲಿಲ್ಲ. ಚುಕ್ಕಿ ಒದ್ದೆ ಕೈಯಲ್ಲೇ ಶೆಡ್ಡಿನಿಂದ ಓಡಿಬಂದು ಎತ್ತಿಕೊಂಡಳು.

“ನಾನು... ಎಮ್ಮೆ ಅಂತ ಕೂಗಾಡಿದ್ನಲ್ಲ, ಅವನು. ತಂಗಿಗೆ ನೋವು ಬಂದಿದೆ. ನನ್ನ ಮೇಲೆ ಸಿಟ್ಟಿದ್ರೆ ಆಮೇಲೆ ತೀರಿಸ್ಕೊಳ್ಳಿ. ದಯವಿಟ್ಟು...”

“ಗೇಟಿನ ಹತ್ರ ಕರ್ಕೊಂಡು ಬನ್ನಿ. ಎಡಗಡೆ ತಿರುಗಿಸಿ ಮಲಗಿಸಿರಿ. ಹನ್ನೆರಡು ನಿಮಿಷದಲ್ಲಿ ಬರ್ತೀನಿ.”

ಫಾರ್ಮಿಲ್ಲ, ಸಹಿಯಿಲ್ಲ, ಮ್ಯಾನೇಜರ ಅಪ್ಪಣೆಯಿಲ್ಲ. ಇವತ್ತಿಗೆ ಕೆಲಸ ಹೋಯಿತು ಎಂದುಕೊಂಡೇ ಅವಳು ಕಾರು ತೆಗೆದಳು.

ಎಲ್ಲರನ್ನೂ ಹತ್ತಿಸಿಕೊಂಡು ಇಳಿಯುವಾಗ ಬೆಟ್ಟದ ದಾರಿಗೆ ಮಂಜು ಮುಸುಕಿತ್ತು. ಮಗ ತಂಗಿಯ ತಲೆಯನ್ನು, ತಾಯಿ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮುಂದಿನ ಸೀಟಿನಲ್ಲಿ ಹಿರಿಯರು ಕಣ್ಣು ಮುಚ್ಚಿ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಅವರ ಬಾಯಿಂದ ಮಾತು ಹೊರಟಿತು.

“ಮುಂದೆ ಸೇತುವೆ. ಅದಾದ ಮೇಲೆ ಬಲಕ್ಕೆ ಕತ್ತರಿ ತಿರುವು, ಈಗಲೇ ಗೇರ್ ಇಳಿಸು... ಹಾಂ, ಹಾಗೆ. ಇನ್ನು ನೇರ ದಾರಿ, ಹೆದರಬೇಡ ಮಗಳೇ, ಒತ್ತು!”

ಒಂದು ತಿರುವೂ ತಪ್ಪಲಿಲ್ಲ. ಮಂಜಿನಲ್ಲಿ ಕಣ್ಣಿದ್ದವಳಿಗೂ ಕಾಣದ ದಾರಿಯನ್ನು ಅವರು ಹೇಳುತ್ತಾ ಹೋದರು. ಕನ್ನಡಿಯಲ್ಲಿ ಚುಕ್ಕಿ ಒಮ್ಮೆ ಹಿಂದೆ ನೋಡಿದಳು. ಮಗರಾಯ ಅಳುತ್ತಿದ್ದ. ಮುಚ್ಚಿಡಲು ಯತ್ನಿಸುತ್ತಲೂ ಇರಲಿಲ್ಲ.

*

“ಹೊತ್ತಿಗೆ ಸರಿಯಾಗಿ ತಂದಿರಿ,” ಎಂದರು ಡಾಕ್ಟರಮ್ಮ. “ತಾಯಿ ಮಗು ಇಬ್ಬರೂ ಕ್ಷೇಮ. ಆದ್ರೆ ಹದಿನೈದು ದಿನ ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ.”

ಆಸ್ಪತ್ರೆಯ ಮೆಟ್ಟಿಲ ಮೇಲೆ ಚುಕ್ಕಿ ಇನ್ನೂ ಗಮ್‌ಬೂಟಿನಲ್ಲೇ ಕೂತಿದ್ದಳು. ಅವನು ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

“ಯಾವ ಬಾಯಲ್ಲಿ ಕ್ಷಮೆ ಕೇಳ್ಲಿ? ನಮ್ಮಪ್ಪನ ಮಾನ ಉಳಿಸೋಕೆ ನೀವು ನಿಮ್ಮ ಕೆಲಸಾನೇ ಪಣಕ್ಕಿಟ್ರಿ. ಒಂದೇ ಮನೇಲಿದ್ದೂ ನನಗೆ ಅವರ ಕಣ್ಣು ಹೋಗಿರೋದು ಗೊತ್ತಾಗ್ಲಿಲ್ಲ...”

“ಅವರು ಮುಚ್ಚಿಟ್ಟಿದ್ರು.”

“ನೀವು ಕಂಡುಹಿಡಿದ್ರಲ್ಲ?”

ಚುಕ್ಕಿಯ ಮುಖದ ಬಣ್ಣ ಇಳಿಯಿತು. ಎದ್ದು ಕಾರಿನತ್ತ ಹೋದಳು.

ಅವನು ಮ್ಯಾನೇಜರ ಮುಂದೆ ಗಂಟೆಗಟ್ಟಲೆ ನಿಂತು ದೂರು ವಾಪಸ್ ತೆಗೆದುಕೊಂಡ. ಕೇಳದೆ ಕಾರು ಒಯ್ದದ್ದನ್ನೂ ಮ್ಯಾನೇಜರ್ ಮನ್ನಿಸಿದರು, ಅವಳು ಕೌಂಟರಿಗೆ ಮರಳಿದಳು. ಇನ್ನು ಆ ಹದಿನೈದು ದಿನ! ಅವನು ಊರಲ್ಲಿ ಹಲ್ಲಿನ ಸೆಟ್ ತಯಾರಿಸುವ ಕೆಲಸದವನು. ರಜೆ ಬರೆದು ಹಾಕಿ ಇಲ್ಲೇ ಉಳಿದ. ಮಧ್ಯಾಹ್ನ ರೈಲಿಲ್ಲದ ಹೊತ್ತಿನಲ್ಲಿ, ಅಂಗಳದ ಹಳೆಯ ಕಾರೊಂದರಲ್ಲಿ ಚುಕ್ಕಿಯೇ ಅವನಿಗೆ ಡ್ರೈವಿಂಗ್ ಕಲಿಸಿದಳು.

“ಸ್ಟೇರಿಂಗ್‌ನ ಯಾಕೆ ಹಂಗೆ ಹಿಚುಕ್ತೀರಾ? ಅದರದ್ದೇನು ಹಲ್ಲು ಕೀಳ್ತಿದೀರಾ?”

“ನಾನು ಕೀಳೋನಲ್ಲ ಕಣ್ರೀ, ಕಟ್ಟೋನು!”

ಅವಳು ನಕ್ಕಳು. ಎಷ್ಟು ವರ್ಷವಾಗಿತ್ತು ಹೀಗೆ ನಕ್ಕು... ನಕ್ಕ ಮರುಕ್ಷಣವೇ ಒಳಗೆ ಏನೋ ಚುಚ್ಚಿತು. ನಿನಗೆ ಈ ಸುಖಕ್ಕೆ ಯೋಗ್ಯತೆ ಇದೆಯಾ?

ಹೊರಡುವ ದಿನ ಅವನು ಕೇಳಿಯೇಬಿಟ್ಟ. “ನನ್ನ ಜೊತೆ ಬಾಳ್ತೀರಾ?”

“ಆಗಲ್ಲ.”

“ನಾನು ಇಷ್ಟ ಇಲ್ವಾ?”

ಅವಳ ಕಣ್ಣು ತುಂಬಿತು. “ಅದಲ್ಲ... ಕಾರಣ ಕೇಳಬೇಡಿ.”

ಅವನು ಈ ಸಲ ಕೂಗಾಡಲಿಲ್ಲ. “ಕೇಳಲ್ಲ. ಹೇಳ್ಬೇಕು ಅನ್ನಿಸಿದಾಗ ಹೇಳಿ. ನಾನು ಬರ್ತೀನಿ.”

*

ನಾಲ್ಕು ತಿಂಗಳು ಕಳೆದವು. ತಂಗಿಗೆ ಹೆಣ್ಣುಮಗು ಹುಟ್ಟಿತೆಂದು ಫೋನ್ ಬಂತು. ಹಿರಿಯರ ಕಣ್ಣಿಗೆ ಆಪರೇಷನ್ ಆಗಿ, ಇದ್ದಷ್ಟು ದೃಷ್ಟಿ ಉಳಿಯಿತೆಂದು ತಿಳಿಯಿತು. ‘ಮಗು ಮುಖ ನೋಡಿದೆ ಮಗಳೇ,’ ಎಂದು ಅವರು ಫೋನಿನಲ್ಲಿ ಅತ್ತಾಗ ಚುಕ್ಕಿಯೂ ಅತ್ತಳು. ಆ ವಾರ ಪೂರ್ತಿ ಅವಳಿಗೆ ಊಟ ಸೇರಲಿಲ್ಲ. ಭಾನುವಾರ ಅವಳೇ ಅವನಿಗೆ ಫೋನ್ ಮಾಡಿದಳು.

“ಹೇಳ್ಬೇಕು ಅನ್ನಿಸ್ತಿದೆ.”

ಮರುದಿನ ಬೆಳಗಿನ ರೈಲಿಗೆ ಅವನು ಬಂದಿಳಿದ. ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನ ಮೇಲೆ ಇಬ್ಬರೂ ಕೂತರು.

“ನಮ್ಮಪ್ಪ ಬ್ರೆಡ್ ಸಪ್ಲೈ ವ್ಯಾನ್ ಓಡಿಸ್ತಿದ್ರು,” ಅವಳು ನೆಲ ನೋಡುತ್ತಾ ಶುರು ಮಾಡಿದಳು. “ಅವರಿಗೂ ಕಣ್ಣು ಹೀಗೇ ಹೋಗಿತ್ತು. ಯಾರಿಗೂ ಗೊತ್ತಿರಲಿಲ್ಲ. ನನ್ನ ಬಿಟ್ಟು.”

ಅವನು ಅವಳತ್ತ ತಿರುಗಿ ಕೂತ.

“ಮೂರು ತಿಂಗಳು ನನಗೆ ಗೊತ್ತಿತ್ತು! ಹೇಳಿದ್ರೆ ಅಪ್ಪನ ಕೆಲಸ ಹೋಗುತ್ತೆ, ಅಪ್ಪ ನೊಂದ್ಕೋತಾರೆ ಅಂತ ಬಾಯಿ ಹೊಲ್ಕೊಂಡಿದ್ದೆ. ಒಂದಿನ ತಿರುವಿನಲ್ಲಿ ಒಬ್ಬ ಹೆಂಗಸಿಗೆ ವ್ಯಾನ್ ತಗುಲಿಸಿಬಿಟ್ರು. ಆಕೆ ಕಾಲು ಸರಿಹೋಗಲೇ ಇಲ್ಲ. ಅಪ್ಪ ಅದೇ ಕೊರಗಲ್ಲಿ ಎರಡು ವರ್ಷಕ್ಕೆ ಹೋಗಿಬಿಟ್ರು. ತಪ್ಪು ಅಪ್ಪಂದು, ಹುಡುಗಿಗೇನು ಗೊತ್ತು ಅಂತ ಊರೆಲ್ಲ ನನ್ನ ತಲೆ ಸವರಿದ್ರು. ಆ ಹೆಂಗಸೂ ಸವರಿದ್ರು... ಇವತ್ತಿಗೂ ದಾರೀಲಿ ಸಿಕ್ಕಿದ್ರೆ ಊಟ ಆಯ್ತಾ ಮಗಾ ಅಂತಾರೆ!”

ಬಿಕ್ಕು ಉಕ್ಕಿ ಬಂತು. ಇಷ್ಟು ವರ್ಷ ಯಾರ ಮುಂದೆಯೂ ಬಾರದ ಅಳು.

ಅವನು ಕರವಸ್ತ್ರ ಕೊಡಲಿಲ್ಲ, ‘ಅಳಬೇಡಿ’ ಎನ್ನಲಿಲ್ಲ. ಅವಳ ಅಂಗೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು ಕೂತ. ಒಂದು ಗೂಡ್ಸ್ ರೈಲು ಬಂದು, ಪೂರ್ತಿ ಹಾದುಹೋಯಿತು.

“ನಿಮ್ಮ ತಪ್ಪೇ ಇಲ್ಲ ಅಂತ ನಾನು ಹೇಳಲ್ಲ,” ಎಂದ ಕೊನೆಗೆ. “ಹಂಗಂದ್ರೆ ನೀವು ನಂಬೋದೂ ಇಲ್ಲ. ಆದ್ರೆ ಆ ತಪ್ಪನ್ನ ನೀವೊಬ್ರೇ ಹೊತ್ಕೊಂಡು ತಿರುಗೋದು ಸಾಕು. ಅರ್ಧ ನನಗೆ ಕೊಡಿ.”

“ಇಷ್ಟು ಕೇಳಿದ ಮೇಲೂ ಬೇಕಾ ನಾನು?”

“ಕೇಳೋಕೆ ಮುಂಚೆ ಇಷ್ಟ ಆಗಿದ್ರಿ. ಈಗ ನಿಮ್ಮನ್ನ ಬಿಟ್ಟು ರೈಲು ಹತ್ತೋಕೆ ಕಾಲೇ ಬರಲ್ಲ.”

ಚುಕ್ಕಿ ಕಣ್ಣೊರೆಸಿಕೊಂಡಳು. ಎದೆಯ ಮೇಲಿನ ಬಂಡೆ ಪೂರ್ತಿ ಇಳಿದಿರಲಿಲ್ಲ. ಆದರೆ ಅಲುಗಾಡಿತ್ತು.

“ಆ ಹೆಂಗಸಿಗೆ ಹೇಳ್ಬೇಕು, ನನಗೆ ಮೊದಲೇ ಗೊತ್ತಿತ್ತು ಅಂತ. ಅವರ ಮನೆ ಇಲ್ಲೇ ಮೂರು ಬೀದಿ ಆಚೆ. ಬೈದ್ರೂ ಸರಿ, ಬಾಗಿಲು ಹಾಕಿದ್ರೂ ಸರಿ.”

“ಯಾವಾಗ?”

“ಈಗಲೇ. ನಾಳೆ ಅಂದ್ರೆ ಧೈರ್ಯ ಇರಲ್ಲ.” ಅವಳು ಎದ್ದು ನಿಂತಳು. “ನೀವೂ ಬರ್ತೀರಾ?”

“ಆ ‘ನೀವು’ ಬಿಟ್ಟು ಕರೆದ್ರೆ ಬರ್ತೀನಿ.”

ಅವಳು ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಕೈ ಚಾಚಿದಳು.

“ಬಾ.”