ಅನಾಟಮಿ ಮೇಡಂ ಮತ್ತು ರಾಮಮ್ಮನ ಮಗ

"ಏಯ್! ಏನಯ್ಯಾ ಮಾಡ್ತಿದ್ದೀಯ? ಇದೇನು ನಿಮ್ಮ ಜಮೀನು ಅಂದ್ಕೊಂಡ್ಯಾ?"

ಅಟೆಂಡರ್ ನಟರಾಜು ಕಿರುಚಿದ್ದಕ್ಕೆ ಎಲ್ಲರೂ ತಿರುಗಿ ನೋಡಿದರು.

ಹುಣಸೂರಿನ ಹೊರಗಿನ ಆ ಮೆಡಿಕಲ್ ಕಾಲೇಜಿಗೆ ಅವತ್ತು ಹೊಸ ಬ್ಯಾಚ್ ಬಂದಿತ್ತು. ಹೆಣ ಕೊಯ್ದು ಪಾಠ ಹೇಳುವ ಕೋಣೆಯ ಮೆಟ್ಟಿಲ ಮೇಲೆ, ಬಿಳಿ ಕೋಟಿನ ಮಕ್ಕಳ ಎದುರಿಗೇ, ಒಬ್ಬ ಗಂಡಸು ಚೊಂಬಿನಿಂದ ಹಾಲು ಸುರಿಯುತ್ತಿದ್ದ. ಪಕ್ಕದಲ್ಲಿ ತುಪ್ಪದ ಬಟ್ಟಲಿತ್ತು.

ಪಾಠ ಮಾಡಲು ಬಂದ ಡಾಕ್ಟರ್ ಶಾಂತಲಾ ಅಲ್ಲೇ ನಿಂತಳು. "ಯಾರು ನೀವು?"

"ಮಾದೇಶ. ಕೋಟೆ ಕಡೆಯವ್ನು. ನಮ್ಮವ್ವ ರಾಮಮ್ಮ ನಿಮ್ಮ ಈ ರೂಮ್‌ನಾಗವ್ಳೆ. ತೀರ್ಕಂಡು ಇವತ್ತು ಮೂರನೇ ದಿನ, ಆಲು-ತುಪ್ಪ ಬುಡ್ಬೇಕು. ಮಣ್ ಮಾಡಿದ್ರೆ ತಾನೇ ಗುಡ್ಡೆ ಇರೋದು? ಎಲ್ ಬುಡ್ಲಿ ಏಳಿ ಮೇಡಮ್ನೋರೇ!"

ಶಾಂತಲಾ ಕೂಡ ಅಲ್ಲೇ ಹತ್ತಿರದ ಗುರುಪುರದ ರೈತರ ಮನೆಯ ಮಗಳೇ. ಆ ಹಾಲು-ತುಪ್ಪ ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ನಟರಾಜು, ಸುಮ್ನಿರಿ. ಅವರು ಮುಗಿಸಲಿ."

ರಾಮಮ್ಮನನ್ನು ಅವಳು ಬಲ್ಲಳು. ಹೊಟ್ಟೆಯ ಕಾಯಿಲೆಯಿಂದ ವಾರ್ಡಿನಲ್ಲಿ ಮಲಗಿದ್ದ ಹೆಂಗಸು. ವಿದ್ಯಾರ್ಥಿಗಳು ಗುಂಪುಗುಂಪಾಗಿ ಬಂದು ಹೊಟ್ಟೆ ಒತ್ತಿ ನೋಡುತ್ತಿದ್ದರೆ ನಗುತ್ತಿದ್ದಳು. "ಬದುಕಿರೋವಾಗ್ಲೇ ಇಷ್ಟು ಕಲ್ತವೆ, ಸತ್ಮೇಲೂ ಕಲ್ತ್ಕಳ್ಳಿ ಬುಡವ್ವ," ಎಂದು ಅವಳೇ ಹೇಳಿದ್ದು. ಮಗ ಬಾಳೆಗೊನೆಯ ಲೋಡ್ ತೆಗೆದುಕೊಂಡು ವಯನಾಡಿಗೆ ಹೋಗಿದ್ದಾಗ ತೀರಿಕೊಂಡಳು. ಗಂಡ ಕುಳ್ಳಯ್ಯ ದೇಹವನ್ನು ಕಾಲೇಜಿಗೆ ಕೊಟ್ಟು ಹೆಂಡತಿಯ ಮಾತು ನಡೆಸಿಬಿಟ್ಟ. ಮಗನಿಗೆ ಕೊನೆಯ ಮುಖವೂ ಸಿಗಲಿಲ್ಲ!

"ನಮ್ಮವ್ವನ್ನ ಕೊಟ್ಬುಡಿ. ಊರಲ್ಲಿ ತಲೆ ಎತ್ತಂಗಿಲ್ಲ. ಅವ್ವನ್ನ ಕುಯ್ಯಕ್ ಕೊಟ್ಟವ್ನು ಅಂತಾರೆ."

"ನೀವೂ ನಿಮ್ಮಪ್ಪಾಜಿಯೂ ಬಂದು ಕೇಳಿದ್ರೆ ಖಂಡಿತ ಕೊಡ್ತೀವಿ. ಅದಕ್ಕೆ ಮೊದಲು ಒಳಗೆ ಬಂದು ಕೂತು ನನ್ನ ಪಾಠ ಕೇಳಿ."

ಅವನು ಹಿಂದಿನ ಬೆಂಚಿನಲ್ಲಿ ಕೂತ. ಶಾಂತಲಾ ಕಾಲೇಜಿನ ಚರಿತ್ರೆ ಹೇಳಿದಳು.

"ಮೊದಲಿನ ಕಾಲದಲ್ಲಿ ಈ ಮೇಜುಗಳ ಮೇಲೆ ಮಲಗಿದವರೆಲ್ಲ ದಿಕ್ಕಿಲ್ಲದವರು. ಬಸ್ ಸ್ಟ್ಯಾಂಡಿನಲ್ಲಿ, ಚರಂಡಿ ಪಕ್ಕದಲ್ಲಿ ಸತ್ತವರು. ಅವರಿಗೆ ನಂಬರ್ ಇತ್ತು, ಹೆಸರಿರಲಿಲ್ಲ. ಅತ್ತವರೂ ಇರಲಿಲ್ಲ. ನಿಮ್ಮ ಸೀನಿಯರ್‌ಗಳಿಗೆ ಪಾಠ ಕಲಿಸಿದ ಮೊದಲ ಗುರುಗಳು ಅವರೇ. ಈಗ ತಾವಾಗೇ ಒಪ್ಪಿ ಬರೋರಿದ್ದಾರೆ. ಹೆಸರು ಹೇಳಿ ಕೈಮುಗಿದೇ ಬ್ಲೇಡ್ ಹಿಡೀಬೇಕು. ತಿಳೀತಾ?"

ಹಿಂದಿನ ಬೆಂಚಿನಲ್ಲಿ ಮಾದೇಶ ತಲೆ ತಗ್ಗಿಸಿದ್ದ. ಅವ್ವನನ್ನು ವಾಪಸ್ ಕೊಡಿ ಎಂದು ಆಮೇಲೆ ಅವನು ಕೇಳಲೇ ಇಲ್ಲ.

ಆದರೆ ಬರುವುದನ್ನು ಮಾತ್ರ ಬಿಡಲಿಲ್ಲ! ಸಂತೆಗೆ ಬಂದೆ, ಲೋಡ್ ಇಳಿಸಿ ಬಂದೆ... ನೆಪಗಳಿಗೇನು ಬರ? ಕ್ಯಾಂಟೀನಿನಲ್ಲಿ ಇಬ್ಬರೂ ಟೀ ಕುಡಿಯುವುದು ರೂಢಿಯಾಯಿತು. ಹೆಣ ಕೊಯ್ಯುವವಳು ಎಂದು ಮೂರು ಗಂಡಿನ ಕಡೆಯವರು ಎದ್ದು ಹೋಗಿದ್ದ ಶಾಂತಲಾಗೆ, ಅವನು ಬರುವ ದಿನ ಬೆಳಗ್ಗೆಯಿಂದಲೇ ಮೈಯೆಲ್ಲ ಕಿವಿ.

ಒಂದು ದಿನ ಅವನು ಮೆಲ್ಲಗೆ ಕೇಳಿದ. "ನಮ್ಮವ್ವನ ಯಾರು... ಕುಯ್ಯೋದು?"

ಶಾಂತಲಾ ಟೀ ಲೋಟ ಕೆಳಗಿಟ್ಟಳು. 'ಹೇಳಿದರೆ ಇವನೂ ಎದ್ದು ಹೋಗ್ತಾನೆ...'

"ಗೊತ್ತಿಲ್ಲ. ಬೇರೆಯವರು."

ಅಯ್ಯೋ ಶಾಂತಲಾ! ಆ ಒಂದು ಸುಳ್ಳು ಯಾಕಮ್ಮ ಹೇಳಿದೆ?

ಕೆಲವು ತಿಂಗಳ ನಂತರ ವಿದ್ಯಾರ್ಥಿನಿ ರಮ್ಯಾ ಕ್ಯಾಂಟೀನಿನಲ್ಲಿ ಅವರ ಟೇಬಲ್ ಹತ್ತಿರ ಬಂದಳು.

"ರಾಮಮ್ಮನವರ ಮಗ ಅಲ್ವಾ ಸಾರ್? ನಿಮ್ಮ ತಾಯಿಯಿಂದ ತುಂಬಾ ಕಲಿತ್ವಿ. ಅವರ ಟೇಬಲ್ಲಲ್ಲಿ ಮೇಡಂ ನಮಗ್ಯಾರಿಗೂ ಬ್ಲೇಡ್ ಕೊಡ್ಲಿಲ್ಲ. ಎಲ್ಲಾ ಅವರೇ ಕಟ್ ಮಾಡಿ ತೋರಿಸಿದ್ರು!"

ಮಾದೇಶನ ಕೈಯಲ್ಲಿದ್ದ ಟೀ ಲೋಟ ಹಾಗೇ ನಿಂತಿತು.

"ನೀವಾ?"

"ಮಾದೇಶ್, ನಾನು ಹೇಳೋದನ್ನ ಒಂಚೂರು..."

"ನನ್ ಎದುರ್ಗೆ ಕುಂತು ನಗ್ತಿದ್ರಲ್ಲ! ಒಳಗೋಗಿ ನಮ್ಮವ್ವನ..." ಮಾತು ಮುಗಿಸಲಾಗದೆ ಅವನು ಎದ್ದು ಹೋದ.

ಫೋನ್ ಮಾಡಿದರೆ ಎತ್ತಲಿಲ್ಲ. ಶಾಂತಲಾ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತಳು, ಮುಖ ತೊಳೆದು ಪಾಠಕ್ಕೆ ಹೋದಳು. ಮೇಜಿನ ಮೇಲೆ ರಾಮಮ್ಮನ ದೇಹ ದಿನದಿನಕ್ಕೂ ಕಡಿಮೆಯಾಗುತ್ತಿತ್ತು.

ವರ್ಷದ ಕೊನೆಗೆ ಉಳಿದದ್ದನ್ನೆಲ್ಲ ಬಿಳಿ ಬಟ್ಟೆಯಲ್ಲಿ ಸುತ್ತಿ ಮನೆಯವರಿಗೆ ತಿಳಿಸಿದರು. ಮಾದೇಶ ಒಬ್ಬನೇ ಬಂದ. ಗಂಟು ಎಷ್ಟು ಹಗುರವಾಗಿತ್ತೆಂದರೆ ಅವನು ಒಂದೇ ಕೈಯಲ್ಲಿ ಎತ್ತಿಕೊಂಡು, ಗಾಬರಿಯಾಗಿ ಇನ್ನೊಂದು ಕೈ ಕೊಟ್ಟ.

"ಯಾಕ್ ಸುಳ್ ಏಳುದ್ರಿ?"

"ನೀವೂ ಹೋಗಿಬಿಡ್ತೀರ ಅಂತ ಭಯ ಆಯ್ತು." ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ಮಕ್ಕಳ ಕೈ ನಡುಗ್ತವೆ ಮಾದೇಶ್. ಎಳೀತಾರೆ, ಹರೀತಾರೆ. ನಿಮ್ಮವ್ವನ್ನ ಹಂಗೆ ಬಿಡೋಕೆ ನನ್ನ ಮನಸ್ಸು ಒಪ್ಪಲಿಲ್ಲ. ಅದಕ್ಕೇ ನಾನೇ..."

ಅವನು ಗಂಟನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತ.

"ನಾನು ಒಂಬತ್ ತಿಂಗ್ಳು ಇದ್ದೆನಲ್ಲ... ಆ ಜಾಗ ನೋಡುದ್ರಾ?"

"ನೋಡಿದೆ. ಮುಷ್ಟಿಯಷ್ಟೇ ಇತ್ತು."

"ಅಷ್ಟೇಯಾ?"

"ಅಷ್ಟೇ. ನೀವಿದ್ದಾಗ ದೊಡ್ಡದಾಗಿತ್ತು."

ಊರೆಲ್ಲ ಆಡಿಕೊಂಡಾಗಲೂ ಅಳದಿದ್ದ ಮಾದೇಶ, ಗಂಟನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಶಾಂತಲಾ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ನಡೀರಿ, ಊರಿಗೋಗಾನ," ಎಂದ ಕೊನೆಗೆ. "ಅವ್ವನ ಮಣ್ ಮಾಡಕ್ಕೆ ಮನೆ ಸೊಸೆ ಇರ್ಬೇಕು."

"ನಿಮ್ಮವ್ವನ ಕುಯ್ದೋಳು ಅಂತ ಊರವರು ಅಂದ್ರೆ?"

"ಅನ್ಲಿ ಬುಡಿ. ನಮ್ಮವ್ವನ್ನ ನನಗಿಂತ ಚೆನ್ನಾಗಿ ನೋಡ್ಕಂಡೋಳು ಅಂತ ನಾನೇಳ್ತೀನಿ."